ಎರಡನೆಯ ಪ್ರತಿ: ಕಚೇರಿಗಳ ಕೆಲಸಕ್ಕೆ ಡೂಪ್ಲಿಕೇಟ್ ಬುಕ್ ಬಳಸಿದ ಅನುಭವ

ಲೇಖನ ಸಾಮಗ್ರಿಗಳ ಅಂಗಡಿಗಳಲ್ಲಿ ಬಿಲ್ ಬುಕ್ಕುಗಳ ಸಾಲಿನ ಕೊನೆಯಲ್ಲಿ, ಕೈಗೆ ಸುಲಭವಾಗಿ ಸಿಗದ ಕೆಳಗಿನ ಅರೆಯಲ್ಲಿ, ಡೂಪ್ಲಿಕೇಟ್ ಬುಕ್ ಎಂಬ ಪುಸ್ತಕವಿರುತ್ತದೆ. ನೂರು ಜೋಡಿ ಹಾಳೆಗಳು. ಪ್ರತಿ ಜೋಡಿಯ ಮೇಲಿನ ಹಾಳೆ ಬಿಳಿಯದು, ಹರಿದು ಕೊಡಲು ಅನುಕೂಲವಾಗುವಂತೆ ಅದರ ಅಂಚಿನುದ್ದಕ್ಕೂ ಸಣ್ಣ ತೂತುಗಳ ಸಾಲಿರುತ್ತದೆ; ಕೆಳಗಿನದು ತೆಳುವಾದ ಹಳದಿ ಹಾಳೆ, ಅದು ಹೊಲಿಗೆಗೆ ಸೇರಿಕೊಂಡು ಪುಸ್ತಕದಲ್ಲಿಯೇ ಉಳಿಯುತ್ತದೆ. ಎರಡರ ಮೂಲೆಯಲ್ಲಿಯೂ ಒಂದೇ ಕ್ರಮಸಂಖ್ಯೆ ಕೆಂಪು ಶಾಯಿಯಲ್ಲಿ ಅಚ್ಚಾಗಿರುತ್ತದೆ. ನಡುವೆ ಕಾರ್ಬನ್ ಹಾಳೆಯನ್ನು ಇಟ್ಟು ಬರೆದರೆ ಒಂದೇ ಸಲಕ್ಕೆ ಎರಡು ಪ್ರತಿ ಸಿದ್ಧವಾಗುತ್ತವೆ. ವ್ಯಾಪಾರಿಗಳು ಸರಕಿನ ಲೆಕ್ಕಕ್ಕಾಗಿ ಬಳಸುವ ಈ ಪುಸ್ತಕವನ್ನು ನಾನು ಎರಡು ವರ್ಷಗಳಿಂದ ಕಚೇರಿಗಳೊಡನೆ ವ್ಯವಹರಿಸುವುದಕ್ಕೆ ಬಳಸುತ್ತಿದ್ದೇನೆ; ಒಂದನ್ನು ಮುಗಿಸಿ ಎರಡನೆಯದರ ಅರ್ಧಕ್ಕೆ ಬಂದಿದ್ದೇನೆ. ಕೆಂಪುಪಟ್ಟಿಯೊಳಗೆ ಸಿಲುಕಿದ ಅರ್ಜಿಯನ್ನು ಹೊರತರಲು ಸಾಮಾನ್ಯ ಮನುಷ್ಯನಿಗೆ ಸಿಗುವ ಸಲಕರಣೆಗಳಲ್ಲಿ ಇದಕ್ಕಿಂತ ಉಪಯುಕ್ತವಾದುದನ್ನು ನಾನು ಕಂಡಿಲ್ಲ. ಆದರೆ ಇದರಲ್ಲಿ ಕೊರತೆಗಳೂ ಇವೆ, ಎಲ್ಲ ಬಗೆಯ ಪುಸ್ತಕಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನನ್ನು ಈ ಪುಸ್ತಕದವರೆಗೆ ಕರೆತಂದದ್ದು ಒಂದು ದೀರ್ಘ. ನನ್ನ ತಾಯಿಯ ಹೆಸರನ್ನು ಒಂದು ದಾಖಲೆಯಲ್ಲಿ ಬರೆದವರು ಮೊದಲ ಅಕ್ಷರದ ದೀರ್ಘವನ್ನು ಬಿಟ್ಟಿದ್ದರು. ಉಳಿದ ಎಲ್ಲ ದಾಖಲೆಗಳಲ್ಲಿ ಅದು ಇತ್ತು. ಇಬ್ಬರೂ ಒಬ್ಬರೇ ಎಂದು ಸಾಬೀತಾಗುವವರೆಗೆ ಅವರ ಪಿಂಚಣಿ ನಿಂತುಹೋಯಿತು. ತಿದ್ದುಪಡಿಗೆ ಅರ್ಜಿಯನ್ನು ಬರೆದು, ಕೇಳಿದ ದಾಖಲೆಗಳನ್ನೆಲ್ಲ ಲಗತ್ತಿಸಿ, ಟಪಾಲು ಮೇಜಿನ ಗುಮಾಸ್ತರ ಕೈಗೆ ಕೊಟ್ಟು ಬಂದೆ. ಅವರು ಅದನ್ನು ಒಂದು ಬಿದಿರಿನ ಬುಟ್ಟಿಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಮುಂದಿನ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಬೇರೆ ಮೇಜು, ಬೇರೆ ಉತ್ತರ. ಕಡೆಗೊಂದು ದಿನ ಒಬ್ಬರು ದಪ್ಪ ರಿಜಿಸ್ಟರನ್ನು ತಿರುವಿ ಹಾಕಿ, ಅಂತಹ ಅರ್ಜಿಯೇ ಬಂದಿಲ್ಲ ಎಂದರು. ನಾನು ಕೊಟ್ಟಿದ್ದೇನೆ ಎಂದು ಹೇಳಬಲ್ಲೆನೇ ಹೊರತು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ನಾಲ್ಕು ತಿಂಗಳು ನಾನು ಸವೆಸಿದ್ದು ಆ ಕಚೇರಿಯ ಲೆಕ್ಕದಲ್ಲಿ ನಡೆದೇ ಇರಲಿಲ್ಲ.

ಆ ಸಂಜೆ ಮನೆಗೆ ಬಂದಿದ್ದ ನನ್ನ ಸೋದರತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಅವರ ಮಾತು ತಗೊಂಡು ಏನು ಮಾಡ್ತೀಯೋ, ಅವರ ಮೊಹರು ತಗೊಂಡು ಬಾ" ಎಂದರು. ಮರುದಿನ ಅವರು ತಮ್ಮ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಡೂಪ್ಲಿಕೇಟ್ ಬುಕ್ಕೊಂದನ್ನು ತೆಗೆದು ತೋರಿಸಿದರು. ಹನ್ನೊಂದು ವರ್ಷಗಳ ಹಿಂದೆ, ಮಾವ ತೀರಿಕೊಂಡ ನಂತರ ಕುಟುಂಬ ಪಿಂಚಣಿಗಾಗಿ ಅತ್ತೆ ಒಬ್ಬರೇ ಓಡಾಡಿದ ಕಾಲದ ಪುಸ್ತಕವದು. ಹಳದಿ ಹಾಳೆಗಳಲ್ಲಿ ಅವರ ದುಂಡನೆಯ ಕೈಬರಹ. ಪ್ರತಿ ಹಾಳೆಯ ಕೆಳಗೆ ನೇರಳೆ ಬಣ್ಣದ ಮೊಹರು, ದಿನಾಂಕ, ಯಾರದೋ ಚಿಕ್ಕ ಸಹಿ. ಕಾರ್ಬನ್ನಿನ ಗುರುತು ಒಂದಿಷ್ಟೂ ಮಾಸಿರಲಿಲ್ಲ. ಅತ್ತೆ ಓದಿದ್ದು ಏಳನೆಯ ತರಗತಿ. ಆ ಪುಸ್ತಕವನ್ನು ಪುಟ ಪುಟವಾಗಿ ನೋಡುತ್ತಾ ಹೋದಾಗ, ಒಂದು ದೊಡ್ಡ ಕಚೇರಿಯೊಡನೆ ಸೆಣಸುವ ವಿದ್ಯೆಯನ್ನು ಅವರು ಯಾರ ನೆರವೂ ಇಲ್ಲದೆ ತಾವಾಗಿಯೇ ಕಟ್ಟಿಕೊಂಡಿದ್ದರೆಂಬುದು ನನಗೆ ಅರ್ಥವಾಯಿತು.

ಆ ವಿದ್ಯೆಯ ತಿರುಳು ಇಷ್ಟು. ಕಚೇರಿಗೆ ನೆನಪು ಇರುತ್ತದೆ, ಅರ್ಜಿದಾರನಿಗೆ ಇರುವುದಿಲ್ಲ. ಕಚೇರಿಯ ಬಲವೆಲ್ಲ ಇರುವುದು ಈ ಒಂದು ಅಸಮಾನತೆಯಲ್ಲಿ. ಆವಕ ರಿಜಿಸ್ಟರು ಅವರದು, ಕಡತ ಅವರದು, ಕಡತದ ಮೇಲಿನ ಷರಾ ಅವರದು. ಅರ್ಜಿದಾರನ ಬಳಿ ಇರುವುದು ಬಾಯಿಮಾತು ಮತ್ತು ಆಯಾಸ. ಸಂಖ್ಯೆ ಅಚ್ಚಾದ ಹಾಳೆಯ ಮೇಲೆ ಅವರದೇ ಮೊಹರು ಬಿದ್ದ ಕ್ಷಣದಿಂದ ಅರ್ಜಿದಾರನಿಗೂ ಒಂದು ರಿಜಿಸ್ಟರು ಸಿಕ್ಕಂತಾಗುತ್ತದೆ. ಅಲ್ಲಿಂದ ಮುಂದೆ ಅರ್ಜಿ ಎಲ್ಲಿ ಹೋಯಿತೆಂದು ವಿವರಿಸಬೇಕಾದ ಹೊಣೆ ಅದನ್ನು ಪಡೆದುಕೊಂಡವರ ಮೇಲೆ ಬೀಳುತ್ತದೆ.

ನನ್ನ ಪುಸ್ತಕದ ಮೊದಲನೆಯ ಹಾಳೆಯಲ್ಲಿ ಅದೇ ಅರ್ಜಿಯನ್ನು ಮತ್ತೆ ಬರೆದುಕೊಂಡು ಅದೇ ಮೇಜಿಗೆ ಹೋದೆ. ಬಿಳಿ ಹಾಳೆಯನ್ನು ಹರಿದು ಕೊಟ್ಟು, ಹಳದಿ ಹಾಳೆಯ ಮೇಲೆ ಸ್ವೀಕೃತಿಯ ಮೊಹರು ಹಾಕಿಕೊಡಿ ಎಂದು ಕೇಳಿದೆ. ಗುಮಾಸ್ತರು ಪುಸ್ತಕವನ್ನು ನೋಡಿದರು, ನನ್ನನ್ನು ನೋಡಿದರು, "ಹಾಗೆಲ್ಲ ಹಾಕಿ ಕೊಡೋ ಪದ್ಧತಿ ಇಲ್ಲ ಸ್ವಾಮಿ" ಎಂದರು. ವಾದ ಮಾಡಬಾರದೆಂದು ಅತ್ತೆ ಮೊದಲೇ ಹೇಳಿಕೊಟ್ಟಿದ್ದರು. ನಾನು ಅಲ್ಲಿಯೇ ನಿಂತು ಎರಡನೆಯ ಹಾಳೆಯನ್ನು ತೆರೆದು, ಕಾರ್ಬನ್ ಸರಿಪಡಿಸಿಕೊಂಡು, ನಿಧಾನವಾಗಿ ಬರೆಯತೊಡಗಿದೆ: ಇಂದು ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಟಪಾಲು ಮೇಜಿನಲ್ಲಿ ಒಂದನೆಯ ಸಂಖ್ಯೆಯ ಅರ್ಜಿಯನ್ನು ಸಲ್ಲಿಸಿದ್ದೇನೆ, ಸ್ವೀಕೃತಿ ಕೇಳಿದಾಗ ಅಂತಹ ಪದ್ಧತಿ ಇಲ್ಲವೆಂದು ತಿಳಿಸಲಾಯಿತು. ಬರೆದು ಮುಗಿಸಿ, ಹರಿಯುವ ಮೊದಲು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ, "ನೀವು ಹೇಳಿದ್ದನ್ನು ಸರಿಯಾಗಿ ಬರೆದಿದ್ದೇನೆಯೇ, ಒಮ್ಮೆ ನೋಡಿ ಸರ್. ಇದನ್ನು ಮೇಲಧಿಕಾರಿಗಳಿಗೆ ಕೊಡಬೇಕು" ಎಂದೆ. ಅವರು ಎರಡು ಸಲ ಓದಿದರು. ನಂತರ ಮೇಜಿನ ಖಾನೆಯನ್ನು ಎಳೆದು, ಇಂಕ್ ಪ್ಯಾಡಿನ ಮುಚ್ಚಳ ತೆಗೆದು, ಒಂದನೆಯ ಹಳದಿ ಹಾಳೆಯ ಮೇಲೆ ಮೊಹರನ್ನು ಒತ್ತಿ, ಆವಕ ಸಂಖ್ಯೆಯನ್ನೂ ಬರೆದು ಸಹಿ ಹಾಕಿದರು. ಎರಡನೆಯ ಹಾಳೆಯನ್ನು ನಾನು ಅವರ ಎದುರಿನಲ್ಲಿಯೇ ಅಡ್ಡಗೆರೆ ಎಳೆದು ರದ್ದುಪಡಿಸಿದೆ, ಹರಿದು ಹಾಕಲಿಲ್ಲ. ಸಂಖ್ಯೆ ಅಚ್ಚಾದ ಪುಸ್ತಕದಲ್ಲಿ ನಡುವಿನ ಹಾಳೆಯೊಂದು ಕಾಣೆಯಾದರೆ ಇಡೀ ಪುಸ್ತಕದ ಮೇಲಿನ ನಂಬಿಕೆಯೇ ಹೋಗುತ್ತದೆ.

ಸಂಖ್ಯೆ ಇಲ್ಲದ ಪುಸ್ತಕವನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ. ಅಂಗಡಿಯಲ್ಲಿ ಎರಡೂ ಬಗೆಯವು ಸಿಗುತ್ತವೆ, ನೋಡಲು ಒಂದೇ ರೀತಿ ಇರುತ್ತವೆ. ಸಂಖ್ಯೆ ಇದ್ದಾಗ ಮಾತ್ರ ಮೊದಲು ಯಾವುದು, ನಂತರ ಯಾವುದು ಎಂಬ ಕ್ರಮ ತಾನಾಗಿಯೇ ಸಿದ್ಧವಾಗುತ್ತದೆ. ಹಿಂದಿನ ದಿನಾಂಕ ಹಾಕಿ ಬರೆದಿದ್ದೀರಿ ಎಂಬ ಆಕ್ಷೇಪಕ್ಕೆ ಎಡೆಯಿರುವುದಿಲ್ಲ. ಬಿಡಿ ಹಾಳೆಗಳನ್ನು ಕಡತದಲ್ಲಿ ಸೇರಿಸಿಟ್ಟುಕೊಂಡರೆ ಸಾಲದೇ ಎಂದು ಕೆಲವರು ಕೇಳಿದ್ದಾರೆ. ಸಾಲದು ಎಂಬುದು ನನ್ನ ಅನುಭವ. ಹೊಲಿಗೆ ಹಾಕಿದ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಾಗ ಎದುರಿನವರಿಗೆ ಹಿಂದಿನ ಇಪ್ಪತ್ತು ಹಾಳೆಗಳ ಮೊಹರುಗಳೂ ಕಾಣುತ್ತವೆ, ಮುಂದಿನ ಎಂಬತ್ತು ಖಾಲಿ ಹಾಳೆಗಳೂ ಕಾಣುತ್ತವೆ. ಈ ಮನುಷ್ಯ ಬಿಟ್ಟುಹೋಗುವವನಲ್ಲ ಎಂಬುದನ್ನು ಆ ಖಾಲಿ ಹಾಳೆಗಳು ನಾನು ಬಾಯಿ ತೆರೆಯುವ ಮೊದಲೇ ತಿಳಿಸಿಬಿಡುತ್ತವೆ.

ಕಾರ್ಬನ್ ಹಾಳೆಯ ಚರಿತ್ರೆಯನ್ನು ಹುಡುಕಿ ಓದಿದಾಗ ಅಧಿಕಾರದ ಎದುರು ಅದು ಕೆಲಸ ಮಾಡಿದ್ದು ಇದೇ ಮೊದಲಲ್ಲವೆಂದು ತಿಳಿಯಿತು. ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಎಂಬವರು 1806ರಲ್ಲಿ ಬರಹದ ನಕಲು ತೆಗೆಯುವ ಸಾಧನಕ್ಕೆ ಪೇಟೆಂಟ್ ಪಡೆದರು. ಕಣ್ಣು ಕಾಣದವರಿಗೆ ಬರೆಯಲು ನೆರವಾಗಬೇಕೆಂಬುದು ಅದರ ಹಿಂದಿನ ಆಶಯಗಳಲ್ಲೊಂದಾಗಿತ್ತು. ಟೈಪ್‌ರೈಟರ್ ಬಂದ ಮೇಲೆ ಕಾರ್ಬನ್ ಹಾಳೆ ಕಚೇರಿಗಳ ಒಳಗೆ ಹೋಗಿ ಸೇರಿಕೊಂಡಿತು, ಒಂದು ಶತಮಾನದ ಕಾಲ ಆಡಳಿತದ ನೆನಪೆಲ್ಲ ಅದರ ಮೇಲೆಯೇ ನಿಂತಿತು. ಆದರೆ ಅದೇ ಟೈಪ್‌ರೈಟರು, ಅದೇ ಕಾರ್ಬನ್ನು ಸೋವಿಯತ್ ಒಕ್ಕೂಟದಲ್ಲಿ ಜನರ ಕೈಯಲ್ಲಿ ಬೇರೆಯೇ ಕೆಲಸ ಮಾಡಿದವು. 1968ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಆರಂಭವಾದ 'ಪ್ರಸಕ್ತ ಘಟನೆಗಳ ದಾಖಲೆ' ಎಂಬ ಅರ್ಥದ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆಯನ್ನು ಕವಯಿತ್ರಿ ನತಾಲ್ಯ ಗೊರ್ಬನೇವ್ಸ್ಕಾಯ ಟೈಪ್ ಮಾಡಿದರು. ತೆಳುವಾದ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಒಮ್ಮೆಗೆ ಹಲವು ಪ್ರತಿ ತೆಗೆಯುವುದು, ಪ್ರತಿ ಪಡೆದವರು ಅದನ್ನು ಮತ್ತೆ ಟೈಪ್ ಮಾಡಿ ಹಂಚುವುದು, ಹೀಗೆ ಆ ಪತ್ರಿಕೆ 1980ರ ದಶಕದ ಮೊದಲ ವರ್ಷಗಳವರೆಗೂ ನಡೆಯಿತು. ಯಾರನ್ನು ಯಾವ ದಿನ ಬಂಧಿಸಿದರು, ಯಾವ ಕಾಯ್ದೆಯ ಯಾವ ವಿಧಿಯಡಿ ವಿಚಾರಣೆ ನಡೆಯಿತು ಎಂಬುದನ್ನು ಬಣ್ಣ ಬೆರೆಸದೆ, ಆವೇಶವಿಲ್ಲದೆ ಬರೆದಿಡುವುದು ಅದರ ಕ್ರಮವಾಗಿತ್ತು. ಅವರು ತೆತ್ತ ಬೆಲೆಯನ್ನು ನನ್ನಂಥವನ ಅಲೆದಾಟದೊಡನೆ ಹೋಲಿಸುವುದು ಸಲ್ಲದು, ಗೊರ್ಬನೇವ್ಸ್ಕಾಯ ಅವರನ್ನು ಬಂಧಿಸಿ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಲಾಯಿತು. ಆದರೂ ದಿನಾಂಕವನ್ನೂ ನಿಯಮದ ಸಂಖ್ಯೆಯನ್ನೂ ತಪ್ಪದೆ ಬರೆಯುವುದು ಎಷ್ಟು ದೊಡ್ಡ ಕೆಲಸವೆಂದು ನನಗೆ ಕಲಿಸಿದವರು ಅವರೇ.

ಅದೇ ವಲಯದಿಂದ ಬಂದ ಇನ್ನೊಂದು ಉಪಾಯವನ್ನು ನಾನು ನೇರವಾಗಿ ಪುಸ್ತಕಕ್ಕೆ ತಂದುಕೊಂಡೆ. 1965ರ ಡಿಸೆಂಬರ್ 5ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಗಣಿತಜ್ಞ ಅಲೆಕ್ಸಾಂಡರ್ ಎಸೆನಿನ್-ವೋಲ್ಪಿನ್ ಅವರ ಪ್ರೇರಣೆಯಿಂದ ಸೇರಿದ ಕೆಲವೇ ಜನ, ಬಂಧನದಲ್ಲಿದ್ದ ಇಬ್ಬರು ಲೇಖಕರ ವಿಚಾರಣೆಯನ್ನು ಮುಕ್ತವಾಗಿ ನಡೆಸಬೇಕೆಂದು ಕೇಳಿದರು. ಸೋವಿಯತ್ ಸಂವಿಧಾನವನ್ನು ಗೌರವಿಸಿ ಎಂಬುದು ಅವರ ಫಲಕದ ಮೇಲಿದ್ದ ಬರಹ. ಹೊಸ ಕಾನೂನು ಬೇಕೆಂದು ಅವರು ಕೇಳಲಿಲ್ಲ, ನೀವೇ ಬರೆದುಕೊಂಡಿರುವ ಕಾನೂನಿನಂತೆ ನಡೆದುಕೊಳ್ಳಿ ಎಂದರು. ನನ್ನ ಪುಸ್ತಕದ ಏಳನೆಯ ಹಾಳೆ ಈ ಕ್ರಮದಲ್ಲಿದೆ. ತಾಯಿಯ ಅರ್ಜಿಗೆ ಕೇಳಿದ ದಾಖಲೆಗಳನ್ನೆಲ್ಲ ಕೊಟ್ಟ ನಂತರ, ಅವರು ಹುಟ್ಟಿದ ಮನೆಯ ಅಕ್ಕಪಕ್ಕದ ಇಬ್ಬರು ಹಿರಿಯರಿಂದ ಪ್ರಮಾಣಪತ್ರ ತನ್ನಿ ಎಂದು ಒಬ್ಬರು ಹೇಳಿದರು. ತಾಯಿಗೆ ಎಪ್ಪತ್ತೆಂಟು ವರ್ಷ. ಅವರು ಹುಟ್ಟಿದ್ದನ್ನು ಕಂಡ ನೆರೆಯವರನ್ನು ಎಲ್ಲಿಂದ ತರುವುದು? ಸಿಟ್ಟನ್ನು ನುಂಗಿಕೊಂಡು ಮೂರೇ ಸಾಲು ಬರೆದೆ: ತಾವು ಇಂದು ಕೇಳಿದ ಹೆಚ್ಚುವರಿ ಪ್ರಮಾಣಪತ್ರವು ಯಾವ ನಿಯಮದ ಪ್ರಕಾರ ಕಡ್ಡಾಯವೆಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು, ತಿಳಿಸಿದ ಕೂಡಲೇ ಅದನ್ನು ಒದಗಿಸುತ್ತೇನೆ, ಅಲ್ಲಿಯವರೆಗೆ ಅರ್ಜಿಯನ್ನು ಈಗಿರುವ ದಾಖಲೆಗಳ ಆಧಾರದ ಮೇಲೆ ಪರಿಶೀಲಿಸಬೇಕು. ಉತ್ತರ ಬರಲಿಲ್ಲ, ಆದರೆ ಆ ಪ್ರಮಾಣಪತ್ರದ ಮಾತನ್ನೂ ಮತ್ತೆ ಯಾರೂ ಎತ್ತಲಿಲ್ಲ. ಬಾಯಲ್ಲಿ ಹುಟ್ಟಿದ ನಿಯಮಗಳು ಕಾಗದದ ಮೇಲೆ ಬರಲು ಹಿಂಜರಿಯುತ್ತವೆ ಎಂಬುದು ನನಗೆ ಸ್ಪಷ್ಟವಾದದ್ದು ಆಗಲೇ.

ಒಂಬತ್ತನೆಯ ಹಾಳೆ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಮಾತನಾಡಿ, ಹದಿನೈದು ದಿನಗಳಲ್ಲಿ ತಿದ್ದುಪಡಿ ಆದೇಶ ಕೈ ಸೇರುತ್ತದೆ ಎಂದು ಭರವಸೆ ಕೊಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, ಅವರಿಗೇ ಒಂದು ಪತ್ರ ಬರೆದೆ. ಇಂದು ಮಧ್ಯಾಹ್ನ ತಾವು ನೀಡಿದ ಸಮಯಕ್ಕೆ ಧನ್ಯವಾದಗಳು. ಹದಿನೈದು ದಿನಗಳಲ್ಲಿ ಆದೇಶ ದೊರೆಯುವುದೆಂದು ತಾವು ತಿಳಿಸಿದ್ದಾಗಿ ನಾನು ಗ್ರಹಿಸಿದ್ದೇನೆ. ನನ್ನ ಗ್ರಹಿಕೆ ತಪ್ಪಾಗಿದ್ದಲ್ಲಿ ದಯವಿಟ್ಟು ತಿದ್ದಬೇಕು. ಇಷ್ಟನ್ನು ಬರೆದು ಟಪಾಲು ಮೇಜಿಗೆ ಕೊಟ್ಟು ಮೊಹರು ಪಡೆದೆ. ಇದರಲ್ಲಿ ದೂರಿಲ್ಲ, ಬೆದರಿಕೆಯಿಲ್ಲ, ಯಾರಿಗೂ ಅವಮಾನವಾಗುವ ಒಂದು ಮಾತೂ ಇಲ್ಲ. ಆದರೂ ಗಾಳಿಯಲ್ಲಿ ಹೋಗಬಹುದಾಗಿದ್ದ ಭರವಸೆಗೆ ಒಂದು ಸಂಖ್ಯೆಯೂ ದಿನಾಂಕವೂ ದೊರೆತವು. ಕಚೇರಿಗಳಿಗೆ ಹೋಗಿ ಬರುವವರು ಈ ಬರಹದಿಂದ ಒಂದೇ ಒಂದು ಉಪಾಯವನ್ನು ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಲಿ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ಹದಿನೈದು ದಿನ ಕಳೆದು, ಮತ್ತೂ ಹತ್ತು ದಿನ ಕಳೆದ ಮೇಲೆ ಬರೆದ ಜ್ಞಾಪನ ಪತ್ರದ ಕೆಳಗೆ, 'ಪ್ರತಿ, ಮಾಹಿತಿಗಾಗಿ' ಎಂದು ಬರೆದು ಮೇಲಿನ ಕಚೇರಿಯ ಪದನಾಮವನ್ನು ನಮೂದಿಸಿದೆ. ಇಮೇಲ್ ಕಳುಹಿಸುವಾಗ ನಾವು ತುಂಬುವ ಸಿಸಿ ಎಂಬ ಖಾನೆಯ ಹೆಸರು ಕಾರ್ಬನ್ ಕಾಪಿ ಎಂಬುದರ ಸಂಕ್ಷೇಪವೇ. ಕಾರ್ಬನ್ ಹಾಳೆ ಮೇಜಿನಿಂದ ಮರೆಯಾದರೂ ಅದರ ಹೆಸರು ಉಳಿದಿದೆ, ಇನ್ನೊಬ್ಬರಿಗೂ ಇದು ಗೊತ್ತಿದೆ ಎಂಬ ಅದರ ಬಲವೂ ಉಳಿದಿದೆ. ಈ ಬಲವನ್ನು ಮೊದಲ ಪತ್ರದಲ್ಲಿಯೇ ಖರ್ಚು ಮಾಡಬಾರದು. ಆರಂಭದಲ್ಲಿಯೇ ಐದಾರು ಕಡೆಗೆ ಪ್ರತಿ ಕಳುಹಿಸಿದರೆ ಯಾರೂ ತಮ್ಮದೆಂದು ಓದುವುದಿಲ್ಲ. ಎಲ್ಲರೂ ಇನ್ನೊಬ್ಬರು ನೋಡುತ್ತಾರೆ ಎಂದುಕೊಳ್ಳುತ್ತಾರೆ.

ಒಂದು ಪ್ರತಿ ಹಲವರ ಕಣ್ಣಿಗೆ ಬಿದ್ದಾಗ ಏನಾಗಬಹುದೆಂಬುದಕ್ಕೆ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೆಲಸಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1990ರಲ್ಲಿ ಆರಂಭವಾದ ಈ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನರನ್ನು ಸೇರಿಸಿ, ಕಾಮಗಾರಿಗಳ ಹಾಜರಿ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ಗಟ್ಟಿಯಾಗಿ ಓದಿದರು. ಯಾವ ಹೆಸರಿಗೆ ಎಷ್ಟು ಕೂಲಿ ಹೋಗಿದೆ ಎಂದು ಓದಿದಾಗ, ಆ ಹೆಸರಿನವರು ಎದುರಿಗೇ ಕುಳಿತಿರುತ್ತಿದ್ದರು. ಅದು ಸುಳ್ಳೋ ನಿಜವೋ ಹೇಳಲು ಅವರಿಗೆ ಓದುಬರಹ ಬೇಕಾಗಿರಲಿಲ್ಲ. ದಾಖಲೆಗಳ ಪ್ರತಿ ಪಡೆಯುವ ಹಕ್ಕಿಗಾಗಿ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು ನಲವತ್ತು ದಿನ ಧರಣಿ ಕುಳಿತರು. ಮುಂದೆ 2005ರಲ್ಲಿ ಬಂದ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಈ ಹೋರಾಟವಿದೆ. ಸ್ವೀಡನ್ನಿನಲ್ಲಿ ಇಂತಹ ಹಕ್ಕು 1766ರಲ್ಲಿಯೇ ಕಾನೂನಾಗಿತ್ತು. ಅಲ್ಲಿ ಸಾರ್ವಜನಿಕ ದಾಖಲೆಯನ್ನು ಕೇಳುವವರು ತಾವು ಯಾರು, ಏಕೆ ಬೇಕು ಎಂದು ಸಾಮಾನ್ಯವಾಗಿ ಹೇಳಬೇಕಾಗಿಯೇ ಇಲ್ಲ. ಇವೆಲ್ಲ ಕಚೇರಿಯ ಒಳಗಿನ ಕಾಗದವನ್ನು ಹೊರಗೆ ತರುವ ದಾರಿಗಳು. ಡೂಪ್ಲಿಕೇಟ್ ಬುಕ್ ಅಷ್ಟು ದೂರ ಹೋಗುವುದಿಲ್ಲ, ನಾವು ಒಳಗೆ ಕಳುಹಿಸಿದ ಕಾಗದದ ನೆರಳನ್ನು ಹೊರಗೆ ಉಳಿಸಿಕೊಳ್ಳುತ್ತದೆ. ಎರಡೂ ಕೂಡಿದಾಗ ಕಡತ ಬಚ್ಚಿಟ್ಟುಕೊಳ್ಳಲು ಜಾಗ ಉಳಿಯುವುದಿಲ್ಲ: ನನ್ನ ಅರ್ಜಿಗೆ ಆವಕ ಸಂಖ್ಯೆ ಇದ್ದುದರಿಂದಲೇ, ಆ ಸಂಖ್ಯೆಯ ಕಡತ ಈಗ ಯಾರ ಮೇಜಿನ ಮೇಲಿದೆ ಎಂದು ಕೇಳುವುದು ನನಗೆ ಸಾಧ್ಯವಾಯಿತು. ಸಂಖ್ಯೆಯೇ ಇಲ್ಲದ ಅರ್ಜಿಯನ್ನು ಯಾವ ಕಾಯ್ದೆಯೂ ಹುಡುಕಿಕೊಡಲಾರದು.

ಇನ್ನು ವಸ್ತುವಿನ ಗುಣದೋಷಗಳು. ಕಾರ್ಬನ್ ಹಾಳೆಗಳಲ್ಲಿ ಕಪ್ಪು ಮತ್ತು ನೀಲಿ ಎರಡೂ ಸಿಗುತ್ತವೆ, ಕಪ್ಪನ್ನೇ ಆರಿಸಿಕೊಳ್ಳಿ. ಅದರ ಬಣ್ಣ ಮಸಿಯದು, ಬೆಳಕಿಗೆ ಸುಲಭವಾಗಿ ಮಾಸುವುದಿಲ್ಲ. ಬಾಲ್ ಪೆನ್ನು ಬೇಕೇ ಬೇಕು, ಜೆಲ್ ಪೆನ್ನಿನಲ್ಲಿ ಬರೆದರೆ ಒತ್ತಡ ಸಾಲದೆ ಹಳದಿ ಹಾಳೆಯ ಮೇಲೆ ಅಕ್ಷರಗಳು ಅರ್ಧಂಬರ್ಧ ಮೂಡುತ್ತವೆ. ನಾನು ಮೂರನೆಯ ಹಾಳೆಯಲ್ಲಿ ಈ ತಪ್ಪನ್ನು ಮಾಡಿದ್ದೇನೆ, ಒತ್ತಕ್ಷರಗಳೆಲ್ಲ ಮಾಯವಾಗಿ ಓದುವುದೇ ಕಷ್ಟವಾಗಿದೆ. ಒಂದೇ ಕಾರ್ಬನ್ ಹಾಳೆಯನ್ನು ಹದಿನೈದು, ಇಪ್ಪತ್ತು ಸಲ ಬಳಸಿದ ಮೇಲೆ ಬರೆದ ಜಾಗಗಳಲ್ಲೆಲ್ಲ ಮಸಿ ಖಾಲಿಯಾಗುತ್ತದೆ. ತಲೆಕೆಳಗು ತಿರುಗಿಸಿ ಇಟ್ಟುಕೊಂಡರೆ ಇನ್ನೂ ಕೆಲವು ಹಾಳೆಗಳಿಗೆ ಬರುತ್ತದೆ. ಮುಂದಿನ ಜೋಡಿಯ ಮೇಲೆ ಗುರುತು ಬೀಳದಂತೆ ಕೆಳಗೆ ಇಡುವ ರಟ್ಟು ಕೆಲವು ಪುಸ್ತಕಗಳಲ್ಲಿ ಹೊದಿಕೆಗೆ ಅಂಟಿಕೊಂಡೇ ಬರುತ್ತದೆ. ಅಂಥದ್ದನ್ನೇ ನೋಡಿ ಕೊಳ್ಳಿ, ಬಿಡಿ ರಟ್ಟು ಎರಡನೆಯ ವಾರಕ್ಕೆ ಕಳೆದುಹೋಗುತ್ತದೆ. ಕಾರ್ಬನ್ನಿನ ಅಗತ್ಯವೇ ಇಲ್ಲದ, ಲೇಪನವಿರುವ ಹಾಳೆಗಳ ಪುಸ್ತಕಗಳೂ ಬಂದಿವೆ. ಅವು ಕೈಗೆ ಮಸಿ ಅಂಟಿಸುವುದಿಲ್ಲವೆಂಬುದು ನಿಜ. ಆದರೆ ಅವುಗಳಲ್ಲಿ ಅಕ್ಷರ ಮೂಡುವುದು ಲೇಪನದ ರಾಸಾಯನಿಕ ಕ್ರಿಯೆಯಿಂದ, ಬೆಳಕಿನಲ್ಲಿಟ್ಟರೆ ಕಾಲಕ್ರಮೇಣ ತೆಳುವಾಗುತ್ತದೆ. ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದ ಪ್ರತಿಗೆ ನಾನು ಹಳೆಯ ಕಾರ್ಬನ್ನನ್ನೇ ನಂಬುತ್ತೇನೆ.

ಈ ನಂಬಿಕೆಗೆ ಇನ್ನೊಂದು ಕಾರಣವಿದೆ. ಈಗ ಹಲವು ಕಚೇರಿಗಳಲ್ಲಿ ಅರ್ಜಿ ಕೊಟ್ಟ ಕೂಡಲೇ ಸಣ್ಣ ಯಂತ್ರದಿಂದ ಚೀಟಿಯೊಂದು ಹೊರಬರುತ್ತದೆ. ನುಣುಪಾದ ಆ ಕಾಗದದ ಮೇಲೆ ಅಚ್ಚಾಗುವುದು ಶಾಯಿಯಿಂದಲ್ಲ, ಶಾಖದಿಂದ. ನಾನು ಅಂತಹ ಚೀಟಿಯೊಂದನ್ನು ಜೋಪಾನವಾಗಿರಲೆಂದು ಪ್ಲಾಸ್ಟಿಕ್ ಕವಚದಲ್ಲಿ ಹಾಕಿ ಇಟ್ಟಿದ್ದೆ. ಆರು ತಿಂಗಳ ನಂತರ ತೆಗೆದು ನೋಡಿದಾಗ ಬರಿಯ ಬೂದುಬಣ್ಣದ ಕಾಗದವಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೂ ಮೊದಲ ಎರಡು ಅಂಕಿಗಳಿಗಿಂತ ಹೆಚ್ಚು ಕಾಣಲಿಲ್ಲ. ಪ್ಲಾಸ್ಟಿಕ್ಕಿನ ಸಂಪರ್ಕವೇ ಆ ಅಚ್ಚನ್ನು ಬೇಗ ಅಳಿಸುತ್ತದೆಯೆಂದು ಆಮೇಲೆ ತಿಳಿಯಿತು. ಆದ್ದರಿಂದ ಚೀಟಿ ಸಿಕ್ಕ ಕೂಡಲೇ ಅದರ ಸಂಖ್ಯೆ, ದಿನಾಂಕ, ಸಮಯಗಳನ್ನು ಪುಸ್ತಕದ ಹಾಳೆಯಲ್ಲಿ ಕೈಯಿಂದಲೇ ಬರೆದುಕೊಳ್ಳುತ್ತೇನೆ.

ಮೊಬೈಲಿನಲ್ಲಿ ಫೋಟೋ ತೆಗೆದರೆ ಮುಗಿಯಿತಲ್ಲ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಮೊಹರು ಬಿದ್ದ ಪ್ರತಿ ಹಾಳೆಯ ಫೋಟೋವನ್ನು ನಾನೂ ತೆಗೆದಿಟ್ಟುಕೊಳ್ಳುತ್ತೇನೆ, ಪುಸ್ತಕವೇ ಕಳೆದುಹೋದರೆ ಅದೊಂದೇ ಆಸರೆ. ಆದರೆ ಅರ್ಜಿಯ ಫೋಟೋ ನಾನು ಬರೆದೆನೆಂದು ತೋರಿಸುತ್ತದೆ, ಅವರು ಪಡೆದರೆಂದು ತೋರಿಸುವುದಿಲ್ಲ. ತಲುಪಿದ್ದಕ್ಕೆ ಪುರಾವೆ ಸಿಗುವ ಸ್ಪೀಡ್ ಪೋಸ್ಟ್ (ಹಿಂದಿನ ನೋಂದಾಯಿತ ಅಂಚೆ 2025ರಲ್ಲಿ ಇದರೊಡನೆ ವಿಲೀನವಾಯಿತು) ಇದಕ್ಕಿಂತ ಮೇಲು, ಮೇಜಿನವರು ಕಡೆಗೂ ಮೊಹರು ಹಾಕಲೊಪ್ಪದಿದ್ದರೆ ನಾನು ಮೊರೆಹೋಗುವುದು ಅದಕ್ಕೇ. ಅದಕ್ಕೂ ಒಂದು ಮಿತಿಯಿದೆ: ಲಕೋಟೆ ತಲುಪಿತೆಂದು ಅದು ಹೇಳುತ್ತದೆ, ಲಕೋಟೆಯೊಳಗೆ ಏನಿತ್ತೆಂದು ಹೇಳುವುದಿಲ್ಲ. ಅಂಚೆಯ ರಶೀದಿ ಸಂಖ್ಯೆಯನ್ನು ಪತ್ರದ ಹಳದಿ ಪ್ರತಿಯ ಮೇಲೆಯೇ ಬರೆದುಕೊಂಡರೆ ಆ ಕೊರತೆ ಸಾಕಷ್ಟು ತುಂಬುತ್ತದೆ. ಅಂತರ್ಜಾಲದ ದೂರು ವ್ಯವಸ್ಥೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಲೇವಾರಿಯಾಗಿದೆ ಎಂಬ ಒಂದು ಸಾಲಿನೊಡನೆ ನನ್ನ ಎರಡು ದೂರುಗಳು ಏನೂ ಆಗದೆಯೇ ಮುಚ್ಚಿಹೋಗಿವೆ, ಮುಚ್ಚಿದ ದೂರನ್ನು ಮತ್ತೆ ತೆರೆಯುವ ಗುಂಡಿ ಅಲ್ಲಿರಲಿಲ್ಲ.

ಈ ಪುಸ್ತಕಕ್ಕೆ ಆಗದ ಕೆಲಸಗಳೂ ಇವೆ. ಉತ್ತರ ಕೊಡಲೇಬಾರದೆಂದು ನಿಶ್ಚಯಿಸಿರುವ ಕಚೇರಿಯಿಂದ ಇದು ಉತ್ತರ ತರಿಸಲಾರದು. ಕೋರ್ಟಿಗೋ ಮೇಲ್ಮನವಿಗೋ ಹೋಗಬೇಕಾದಾಗ ಆಧಾರವಾಗಿ ನಿಲ್ಲಬಲ್ಲದು, ಅಷ್ಟೇ. ಬರೆಯಲು ಬಾರದವರಿಗೆ ಇದು ನೇರವಾಗಿ ಒದಗುವುದಿಲ್ಲ, ಬರೆದುಕೊಡುವವರೊಬ್ಬರು ಬೇಕು. ಈಗ ನಾನು ವಾರಕ್ಕೊಮ್ಮೆ ಅತ್ತೆಯ ಮನೆಯ ಜಗುಲಿಯಲ್ಲಿ ಕುಳಿತು ಅಂಥವರಿಗೆ ಬರೆದುಕೊಡುತ್ತೇನೆ. ಇನ್ನೊಂದು ಅಪಾಯವನ್ನೂ ಹೇಳಬೇಕು. ಪುಸ್ತಕ ಕೈಗೆ ಬಂದ ಹೊಸದರಲ್ಲಿ ಎಲ್ಲದಕ್ಕೂ ಪತ್ರ ಬರೆಯುವ ಚಪಲ ಹುಟ್ಟುತ್ತದೆ. ಒಂದೇ ದಿನ ಮೂರು ಪತ್ರ ಕೊಟ್ಟು ನಾನು ಒಬ್ಬ ಒಳ್ಳೆಯ ಅಧಿಕಾರಿಯ ಸಹನೆಯನ್ನು ಕಳೆದುಕೊಂಡಿದ್ದೇನೆ. ಒಂದು ಹಾಳೆಗೆ ಒಂದೇ ವಿಷಯ, ಎರಡು ಪತ್ರಗಳ ನಡುವೆ ಕೆಲಸ ನಡೆಯುವಷ್ಟು ಬಿಡುವು. ಈ ಸಂಯಮವಿಲ್ಲದಿದ್ದರೆ ಪುಸ್ತಕ ಕಿರುಕುಳದ ಸಾಧನವಾಗುತ್ತದೆ.

ಮೇಜಿನ ಆಚೆಗಿರುವವರ ವಿಷಯದಲ್ಲಿ ನನ್ನ ತಿಳಿವಳಿಕೆಯನ್ನು ಈ ಪುಸ್ತಕವೇ ತಿದ್ದಿತು. ಮೊದಲ ದಿನ ಮೊಹರು ಹಾಕಲು ಹಿಂದೆಗೆದಿದ್ದ ಅದೇ ಟಪಾಲು ಗುಮಾಸ್ತರು, ಐದು ತಿಂಗಳ ನಂತರ ನನ್ನನ್ನು ಕಂಡು ಕೈಸನ್ನೆ ಮಾಡಿ ಕರೆದರು. ಕಡತವನ್ನು ಮುಂದಿನ ಶಾಖೆಗೆ ಕಳುಹಿಸಿಯೇ ಇಲ್ಲವೆಂದು ಅವರ ಮೇಲೆ ಆಪಾದನೆ ಬಂದಿತ್ತು. ಅವರು ಕಳುಹಿಸಿದ್ದರು, ಆದರೆ ಮುಂದಿನ ಶಾಖೆಯವರು ಪಡೆದಿಲ್ಲವೆನ್ನುತ್ತಿದ್ದರು. ನಾಲ್ಕು ತಿಂಗಳು ನಾನಿದ್ದ ಸ್ಥಿತಿಯಲ್ಲಿಯೇ ಈಗ ಅವರಿದ್ದರು. ನನ್ನ ಹನ್ನೆರಡನೆಯ ಹಾಳೆಯ ಮೇಲೆ ಮುಂದಿನ ಶಾಖೆಯ ಮೊಹರು ಇತ್ತು, ಅದರಲ್ಲಿ ಕಡತದ ಸಂಖ್ಯೆಯೂ ಇತ್ತು. "ಅದರದ್ದೊಂದು ಜೆರಾಕ್ಸ್ ಕೊಡ್ತೀರಾ ಸ್ವಾಮಿ, ಸಾಹೇಬರಿಗೆ ತೋರಿಸಬೇಕು" ಎಂದರು. ನಾನೇ ಹೋಗಿ ತೆಗೆಸಿಕೊಂಡು ಬಂದು ಕೊಟ್ಟೆ. ಕಡತ ಮರುದಿನವೇ ಸಿಕ್ಕಿತು, ಮುಂದಿನ ಶಾಖೆಯ ಕಪಾಟಿನ ಮೇಲೆ ಬೇರೊಂದು ಕಟ್ಟಿನೊಳಗೆ ಸೇರಿಹೋಗಿತ್ತು. ಇಪ್ಪತ್ತಮೂರನೆಯ ಹಾಳೆ ತಿದ್ದುಪಡಿ ಆದೇಶವನ್ನು ಪಡೆದುಕೊಂಡದ್ದಕ್ಕೆ ನಾನು ಬರೆದುಕೊಟ್ಟ ಸ್ವೀಕೃತಿ. ಆದೇಶದಲ್ಲಿ ತಾಯಿಯ ಹೆಸರಿನ ದೀರ್ಘ ಸರಿಯಾಗಿ ಕುಳಿತಿತ್ತು. ಮನೆಗೆ ತಂದು ತೋರಿಸಿದಾಗ ತಾಯಿ ಕನ್ನಡಕ ಹಾಕಿಕೊಂಡು ಆ ಒಂದು ಅಕ್ಷರವನ್ನೇ ಬಹಳ ಹೊತ್ತು ನೋಡಿದರು.

ಕೊಳ್ಳುವವರಿಗೆ ಕೊನೆಯದಾಗಿ ಕೆಲವು ಮಾತು. ನೂರು ಜೋಡಿಯ ಪುಸ್ತಕಕ್ಕಿಂತ ಐವತ್ತು ಜೋಡಿಯದು ಚೀಲದಲ್ಲಿ ಇಟ್ಟುಕೊಳ್ಳಲು ಹಗುರ. ಒಂದು ವಿಷಯಕ್ಕೆ ಒಂದು ಪುಸ್ತಕ ಎಂದು ಮೀಸಲಿಡುವುದಾದರೆ ಅದೇ ಸೂಕ್ತ. ಒಂದೇ ಅರ್ಜಿ ಎರಡು ಕಚೇರಿಗಳಿಗೆ ಹೋಗಬೇಕಾದವರು ಮೂರು ಹಾಳೆಗಳ ಜೋಡಣೆ ಇರುವುದನ್ನು ಕೇಳಿ ಪಡೆಯಲಿ, ಆದರೆ ಮೂರನೆಯ ಪ್ರತಿ ಓದಲು ಬರುವಂತೆ ಮೂಡಬೇಕಾದರೆ ಬರೆಯುವವರ ಕೈ ಗಟ್ಟಿಯಾಗಿರಬೇಕು. ಅಂಗಡಿಯಲ್ಲಿಯೇ ನಡುವಿನ ಒಂದು ಜೋಡಿಯನ್ನು ತೆರೆದು ಎರಡರ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ನೋಡಿ. ನನ್ನ ಎರಡನೆಯ ಪುಸ್ತಕದಲ್ಲಿ ನಲವತ್ತೊಂದರ ಕೆಳಗೆ ನಲವತ್ತೆರಡು ಬಂದು, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಹೆಚ್ಚಾಗಿ ಅಚ್ಚಾಗಿದೆ. ತಯಾರಕರಲ್ಲಿ ನನ್ನದೊಂದು ಕೋರಿಕೆ. ಈ ಪುಸ್ತಕಗಳಲ್ಲಿ ಗೆರೆಗಳು ಹಾಳೆಯ ತುದಿಯವರೆಗೂ ಇರುತ್ತವೆ, ಅಕ್ಷರದ ಮೇಲೆಯೇ ಮೊಹರು ಬಿದ್ದು ಎರಡೂ ಓದಲು ಬಾರದಂತಾಗುತ್ತವೆ. ಕೆಳಗಿನ ಬಲಮೂಲೆಯಲ್ಲಿ ನಾಲ್ಕು ಬೆರಳಗಲದ ಜಾಗವನ್ನು ಗೆರೆಯಿಲ್ಲದೆ ಖಾಲಿ ಬಿಟ್ಟರೆ ಸಾಕು.